ಕೊನ್ಸುಯೆಲೊಳ ಹಾಜರಿ

"ಏಯ್ ಕೊನ್ಸುಯೆಲೊ! ಕಣ್ಣು ಕುಂಡೀಲಿಟ್ಕಂಡು ಕೀಳ್ತಿದ್ದೀಯೇನೇ ಮುಂಡೆ?"

ಮೇಸ್ತ್ರಿ ದೋನ್ ಚೆಂಚೊ ನನ್ನ ಪೆಟ್ಟಿಗೆಯಿಂದ ಒಂದು ಸ್ಟ್ರಾಬೆರಿ ಎತ್ತಿ ನನ್ನ ಮೂಗಿಗೆ ತಾಗುವಂತೆ ಹಿಡಿದ. "ಎಲ್ಲೇ ಇದರ ತೊಟ್ಟು? ತೊಟ್ಟಿಲ್ದಿರೋ ಹಣ್ಣ ನಿಮ್ಮಪ್ಪ ತಿಂತಾನಾ?"

ಅವನು ಬೂಟಿನ ತುದಿಯಿಂದ ಪೆಟ್ಟಿಗೆಯನ್ನು ಉರುಳಿಸಿದ. ಅರ್ಧ ಗಂಟೆ ಬೆನ್ನು ಬಗ್ಗಿಸಿ ಕಿತ್ತದ್ದೆಲ್ಲ ಸಾಲಿನ ಕೆಸರಿಗೆ ಬಿತ್ತು.

ಪಕ್ಕದ ಸಾಲಿನ ಫಿಲೆಮೊನಜ್ಜಿ ತಲೆ ಎತ್ತದೆ ನಮ್ಮ ಬೆಟ್ಟದ ಮಾತಿನಲ್ಲಿ ಗೊಣಗಿದಳು. "ಅವನಿಗೇ ತೊಟ್ಟಿಲ್ಲ ಬುಡವ್ವ, ಅದ್ಕೇ ಹಂಗಾಡ್ತಾನೆ."

ಮುಖಕ್ಕೆ ಕಟ್ಟಿದ ಬಟ್ಟೆಯೊಳಗೇ ನಗು ಬಂತು.

"ಏನ್ರೇ ಅದು ಬೊಗಳೋದು?" ಎಂದ ದೋನ್ ಚೆಂಚೊ. "ಗಿಡ್ಡಿಯರಾ, ಮನುಷ್ಯರ ಭಾಷೆ ಮಾತಾಡ್ರೇ ನನ್ನ ಹೊಲದಾಗೆ." ನಮ್ಮವರು ಕುಳ್ಳರು, ಕಪ್ಪಗಿದ್ದೇವೆ. ಅವನೂ ಗಡಿಯ ಆಚೆಯವನೇ, ಆದರೆ ಎತ್ತರದವನು, ಬೆಳ್ಳಗಿನವನು.

ನನ್ನ ಹೆಸರು ಕೊನ್ಸುಯೆಲೊ ಅಲ್ಲ, ಒದಿಲಿಯಾ. ಒಹಾಕಾದ ಬೆಟ್ಟದ ಊರಿಂದ ಗಡಿ ದಾಟಿ ಕ್ಯಾಲಿಫೋರ್ನಿಯಾಕ್ಕೆ ಬಂದಾಗ ಇಲ್ಲಿ ದುಡಿಯಲು ಬೇಕಾದ ಕಾಗದ ನನ್ನ ಹತ್ತಿರ ಇರಲಿಲ್ಲ. ಕಾಗದವಿಲ್ಲದವರಿಗೆ ದೋನ್ ಚೆಂಚೊ ಹೆಸರು ಬಾಡಿಗೆಗೆ ಕೊಡುತ್ತಾನೆ. ನನಗೆ ಕೊಟ್ಟದ್ದು ಅವನ ನಾದಿನಿ ಕೊನ್ಸುಯೆಲೊ ತಾಪಿಯಾಳ ಹೆಸರು ಮತ್ತು ಸರ್ಕಾರ ಅವಳಿಗೆ ಕೊಟ್ಟ ನಂಬರು. ಅವಳು ಮನೆಯಲ್ಲಿ ಟೀವಿ ಮುಂದೆ ಕೂತಿರುತ್ತಾಳೆ, ಹೊಲದಲ್ಲಿ ಅವಳ ಹೆಸರು ಬಗ್ಗಿಕೊಂಡಿರುತ್ತದೆ. ಕೂಲಿ ಚೀಟಿ ಅವಳ ಮನೆಗೆ ಹೋಗುತ್ತದೆ. ಬಾಡಿಗೆ ಮುರಿದುಕೊಂಡು ಮಿಕ್ಕದ್ದು ನನ್ನ ಕೈಗೆ ಬರುತ್ತದೆ. ಹೀಗೆ ಹನ್ನೊಂದು ವರ್ಷ. ಬೆಳಗಿನ ಹಾಜರಿಯಲ್ಲಿ ಆ ಹೆಸರು ಕೂಗಿದರೆ ಸಾಕು, ಬಾಯಿ ತಾನೇ "ಇದ್ದೀನಿ" ಅನ್ನುತ್ತದೆ. ನನ್ನನ್ನು ಕೇಳುವುದಿಲ್ಲ.

ಅವತ್ತು ನಾನು ತೊಟ್ಟು ಮರೆತದ್ದು ಯಾಕೆಂದರೆ ನನ್ನ ತಲೆ ಹೊಲದಲ್ಲಿರಲಿಲ್ಲ, ಕಾಲೇಜಿನಲ್ಲಿತ್ತು.

ಮಗಳು ಮಾಯ್ರಾಳಿಗೆ ಹಲ್ಲಿನ ಕೆಲಸ ಕಲಿಯಬೇಕು. ಜನರ ಹಲ್ಲು ಕೆರೆದು ಶುಚಿ ಮಾಡುವ ಕೋರ್ಸು, ಎರಡು ವರ್ಷದ್ದು, ಊರ ಕಮ್ಯೂನಿಟಿ ಕಾಲೇಜಿನಲ್ಲೇ ಇದೆ. ಅವಳಿಗೆ ಒಂಬತ್ತು ವರ್ಷವಿದ್ದಾಗ ನಾವು ಕೂಲಿಯವರು ಇರುವ ಕ್ಯಾಂಪಿನ ಟ್ರಾಕ್ಟರಿನವನು ನನ್ನ ಎರಡು ದವಡೆ ಹಲ್ಲು ಇಕ್ಕಳದಲ್ಲಿ ಕಿತ್ತಿದ್ದ. ಟಾರ್ಚು ಹಿಡಿದಿದ್ದವಳು ಅವಳೇ. ಕೈ ಅಲ್ಲಾಡಿಸಿರಲಿಲ್ಲ. "ಅವ್ವಾ, ಉಳಿದಿರೋವನ್ನ ನಾನು ಬರೋವರ್ಗೂ ಕಾಪಾಡ್ಕೋ" ಎನ್ನುತ್ತಾಳೆ ಈಗಲೂ.

ಹಿಂದಿನ ವಾರ ಇಬ್ಬರೂ ಕಾಲೇಜಿಗೆ ಹೋಗಿದ್ದೆವು. ಕೌಂಟರಿನಲ್ಲಿ ಕನ್ನಡಕದ ಹುಡುಗಿಯೊಬ್ಬಳಿದ್ದಳು. ಅವಳದು ಇಂಗ್ಲಿಷು, ಮಾಯ್ರಾ ನನಗೆ ತಿರುಗಿಸಿ ಹೇಳುತ್ತಿದ್ದಳು.

"ಒಂದು ವರ್ಷ ಬಿಡದೆ ಈ ರಾಜ್ಯದಾಗೇ ಇದ್ರಾ ಅಂತ ಕೇಳ್ತಾರವ್ವ."

"ಎಲ್ಲಿಂದ ಇರಾದು? ಚಳಿಗಾಲದಾಗೆ ಅರಿಜೋನಾದ ಸೊಪ್ಪಿನ ಹೊಲಕ್ಕೆ ಹೋಯ್ತೀವಲ್ಲ ನಾಕು ತಿಂಗಳು."

"ಹಂಗಾದ್ರೆ ಹೊರಗಿನವರ ಫೀ ಅಂತೆ. ಏಳು ಪಟ್ಟು."

ನಾನು ಎದ್ದೇಬಿಟ್ಟೆ. ಆ ಹುಡುಗಿ ಕೈ ಸನ್ನೆ ಮಾಡಿ ಕೂರಿಸಿದಳು, ಇನ್ನೊಂದು ಕಾಗದ ತೆಗೆದಳು. ಬೆಳೆಯ ಹಿಂದೆ ಅಲೆಯುವ ಕೂಲಿಯವರ ಮಕ್ಕಳಿಗೆ ಬೇರೆ ದಾರಿ ಇದೆಯಂತೆ. ಅಪ್ಪನೋ ಅವ್ವನೋ ಎರಡು ವರ್ಷ, ವರ್ಷಕ್ಕೆ ಎರಡು ತಿಂಗಳಾದರೂ, ಹೊಲದಲ್ಲಿ ದುಡಿದಿದ್ದರೆ ಸಾಕು, ಊರಿನವರ ಫೀಯೇ. ಹಲ್ಲಿನ ಕೋರ್ಸಿನಲ್ಲಿ ಅಂಥವರಿಗೆ ಎರಡು ಸೀಟು ಇಟ್ಟಿದ್ದಾರೆ. ಒಂದು ತುಂಬಿದೆ, ಇನ್ನೊಂದಿದೆ.

"ಎರಡು ತಿಂಗಳಾ?" ನನಗೆ ನಗು ತಡೆಯಲಾಗಲಿಲ್ಲ. "ಅದನ್ನ ನನ್ನ ಸೊಂಟಕ್ಕೆ ಹೇಳು ಅನ್ನು. ಅದೂ ನಗ್ತದೆ."

ಮಾಯ್ರಾ ನಗಲಿಲ್ಲ. "ಕೂಲಿ ಚೀಟಿ ಬೇಕಂತೆ. ಇಲ್ಲಾ ಮೇಸ್ತ್ರಿ ಕೈಯಿಂದ ಪತ್ರ. ನಿನ್ನ ಹೆಸರಿನಾಗೆ. ಸೋಮವಾರ ಐದು ಗಂಟೆ ಒಳಗೆ."

ಅಪ್ಪನ ಚೀಟಿಯ ಮಾತು ಇಬ್ಬರೂ ಎತ್ತಲಿಲ್ಲ. ಆರು ವರ್ಷದ ಹಿಂದೆ ಸೇಬಿನ ತೋಟಕ್ಕೆಂದು ಉತ್ತರಕ್ಕೆ ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡಿದ್ದಾನೆ.

ಪೆಟ್ಟಿಗೆ ಉರುಳಿಸಿದ ದಿನ ಮಧ್ಯಾಹ್ನ ದೋನ್ ಚೆಂಚೊ ತನ್ನ ಪಿಕಪ್ಪಿನ ಬಾಗಿಲು ತೆರೆದು, ಕಾಲು ಹೊರಗೆ ಚಾಚಿಕೊಂಡು ಹಂದಿಚರ್ಮದ ಚಕ್ಕೆ ಕುರುಕುತ್ತಿದ್ದ. ನಾನು ಟೋಪಿ ತೆಗೆದು ಹಿಡಿದು ನಿಂತೆ.

"ದೋನ್ ಚೆಂಚೊ, ಒಂದು ಪತ್ರ ಬರ್ಕೊಡಿ. ಒದಿಲಿಯಾ ಅನ್ನೋಳು ನಿಮ್ಮ ಹೊಲದಾಗೆ ದುಡಿದವಳೆ ಅಂತ. ಎರಡು ವರ್ಷದ್ದು ಬರೆದ್ರೂ ಸಾಕು."

"ಒದಿಲಿಯಾ?" ಅವನು ಕಣ್ಣು ಕಿರಿದು ಮಾಡಿ ಸಾಲುಗಳ ಉದ್ದಕ್ಕೂ ಹುಡುಕಿದ. "ಯಾರವಳು? ಎಲ್ಲವಳೆ? ನನ್ನ ಪಟ್ಟೀಲಿ ಆ ಹೆಸರಿನ ನಾಯೀನೂ ಇಲ್ವಲ್ಲೇ."

"ನನ್ನ ಮಗಳ ಓದಿಗೆ, ದೋನ್ ಚೆಂಚೊ."

"ಮಗಳ ಓದಿಗಾ?" ಅವನು ಬೆರಳು ನೆಕ್ಕಿದ. ಬಾಗಿಲಿಗೆ ಒರಗಿದ್ದ ಟ್ರಕ್ಕಿನ ಡ್ರೈವರಿಗೆ ಹೇಳಿದ. "ನೋಡ್ಲಾ, ಗಿಡ್ಡಿ ಮಗಳು ಬೆಳ್ಳಗಿನೋರ ಬಾಯಿಗೆ ಕೈ ಇಕ್ತಾಳಂತೆ. ಹಲ್ಲು ಕೆರೆಯೋಕೆ ಸ್ಟೂಲ್ ಮ್ಯಾಲೆ ಹತ್ಬೇಕು ಅವ್ಳು!" ಇಬ್ಬರೂ ನಕ್ಕರು. ಹಲ್ಲಿನ ಕೋರ್ಸೆಂದು ನಾನು ಹೇಳಿರಲಿಲ್ಲ. ಅವನಿಗೆ ಹೇಗೆ ಗೊತ್ತಾಯಿತು ಎಂದು ಆಗ ನನಗೆ ಹೊಳೆಯಲೂ ಇಲ್ಲ.

ನಾನು ಹೋಗಲಿಲ್ಲ. ನಿಂತೇ ಇದ್ದೆ. ಕೊನೆಗೆ ಅವನೇ ಗಂಟಲು ಸರಿಮಾಡಿಕೊಂಡ.

"ನಮ್ಮ ನಾದಿನಿ ಮಗಳು ಯಾರೆಲಿಗೆ ಶನಿವಾರ ಪಾರ್ಟಿ ಮಡಗಿದ್ದೀವಿ. ಇನ್ನೂರು ತಮಾಲೆ ಮಾಡ್ಕೊಂಡು ಬಾ. ನಿಮ್ಮ ಕಡೇದು, ಬಾಳೆ ಎಲೇಲಿ ಸುತ್ತಿ ಬೇಯಿಸಿರೋದು. ಪತ್ರದ ಮಾತು ಆಮ್ಯಾಕೆ ನೋಡವಾ."

ಶುಕ್ರವಾರ ಹೊಲದಿಂದ ಬಂದವಳು ಕೈಕಾಲು ತೊಳೆದು ತಮಾಲೆಯ ಕಡುಬಿಗೆ ಮುಸುಕಿನ ಜೋಳದ ಹಿಟ್ಟು ಕಲಸಲು ಕೂತೆ. ಮಾಯ್ರಾ ಎಲೆ ಬಾಡಿಸಿ ಒರೆಸಿ ಕೊಟ್ಟಳು. ಫಿಲೆಮೊನಜ್ಜಿ ಮೆಣಸಿನಕಾಯಿ ಹುರಿಯಲು ಬಂದಳು, ತನ್ನ ಪಾತ್ರೆಯನ್ನೂ ತಂದಳು.

"ಇನ್ನೂರಾ? ಅವನ ಹೊಟ್ಟೆಗೆ ಹುಳ ಬೀಳ. ಒಂದಕ್ಕಾದ್ರೂ ಉಗಿದು ಸುತ್ತವ್ವ."

"ಬ್ಯಾಡ ಕಣಜ್ಜಿ," ಎಂದಳು ಮಾಯ್ರಾ. "ಪತ್ರ ಬರ್ಲಿ ಮೊದ್ಲು. ಆಮೇಲೆ ನಾನೇ ಉಗೀತೀನಿ."

ಶನಿವಾರ ಅವರ ಮನೆಯ ಹಿತ್ತಿಲ ಬಾಗಿಲಿಗೆ ಎರಡು ಹಂಡೆ ಹೊತ್ತುಕೊಂಡು ಹೋದೆವು. ಬಾಗಿಲು ತೆರೆದ ಹೆಂಗಸು ಗುಲಾಬಿ ಬಣ್ಣದ ಚಪ್ಪಲಿ ಹಾಕಿದ್ದಳು. ಒಳಗಿನಿಂದ ಯಾರೋ "ಕೊನ್ಸುಯೆಲೊ!" ಎಂದು ಕೂಗಿದರು. ನನ್ನ ನಾಲಿಗೆ ಎದ್ದಿತು, ಕಚ್ಚಿ ಹಿಡಿದೆ. "ಬಂದೆ!" ಎಂದವಳು ಆ ಹೆಂಗಸು. ನಾನು ನನ್ನನ್ನೇ ಕಂಡದ್ದು ಅದೇ ಮೊದಲು. ಕೊನ್ಸುಯೆಲೊ ತಾಪಿಯಾಗೆ ಅಷ್ಟು ಮೆತ್ತನೆಯ ಕೈಗಳಿವೆ ಎಂದು ನನಗೆ ಗೊತ್ತಿರಲಿಲ್ಲ.

"ಅಲ್ಲೇ ಮಡಗಿ ಹೋಗಿ," ಎಂದಳು. "ಶೂ ಹಾಕ್ಕೊಂಡು ಒಳಗೆ ಬರ್ಬೇಡಿ."

ದೋನ್ ಚೆಂಚೊ ಬಿಯರ್ ಡಬ್ಬಿ ಹಿಡಿದು ಹೊರಗೆ ಬಂದ. ಒಂದು ತಮಾಲೆ ಬಿಚ್ಚಿ ಬಾಯಿಗೆ ಹಾಕಿಕೊಂಡ. "ಪರ್ವಾಗಿಲ್ಲ ಕಣೇ ಗಿಡ್ಡಿ. ಪತ್ರ ತಾನೆ? ಸೋಮವಾರ ನಮ್ಮ ಕೊನ್ಸುಯೆಲೊ ಕಾಲೇಜ್ ಕಡೆ ಬತ್ತಾಳೆ. ಅವಳ ಕೈಲಿ ಕಳಿಸ್ತೀನಿ. ನೀನು ಅಲ್ಲೇ ಕುಂತಿರು."

ನಾನು ಅವನ ಕೈ ಹಿಡಿದು ಹಣೆಗೆ ಒತ್ತಿಕೊಂಡೆ. ಬರೆಯಲು ನಾಚಿಕೆಯಾಗುತ್ತದೆ. ಆದರೂ ಒತ್ತಿಕೊಂಡದ್ದು ಹೌದು.

ಸೋಮವಾರ ಮೂರು ಗಂಟೆಗೇ ಹೋಗಿ ಕಾಲೇಜಿನ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೆವು. ಮಾಯ್ರಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದಳು. ನನ್ನ ಉಗುರಿನ ಕೆಂಪು ಎಷ್ಟು ಉಜ್ಜಿದರೂ ಹೋಗಿರಲಿಲ್ಲ, ಕೈಗಳನ್ನು ಚೀಲದ ಕೆಳಗೆ ಇಟ್ಟುಕೊಂಡಿದ್ದೆ. ನಾಲ್ಕೂವರೆಗೆ ಕೊನ್ಸುಯೆಲೊ ಬಂದಳು, ಜೊತೆಗೆ ಮಗಳು ಯಾರೆಲಿ. ನಮ್ಮ ಕಡೆ ನೋಡದೆ ಮುಂದಿನ ಸಾಲಿನಲ್ಲಿ ಕೂತರು.

"ಹೋಗಿ ಕೇಳ್ಲಾ ಅವ್ವ?"

"ತಡಿ. ಅವ್ರೇ ಕೊಡ್ತಾರೆ."

ಅಷ್ಟರಲ್ಲಿ ಕೌಂಟರಿನ ಹುಡುಗಿ ಕೂಗಿದಳು. "ಕೊನ್ಸುಯೆಲೊ ತಾಪಿಯಾ!"

"ಇದ್ದೀನಿ!"

ಎದ್ದು ನಿಂತಿದ್ದೆ. ಎದ್ದ ಮೇಲೆ ಗೊತ್ತಾಯಿತು. ಹಾಲಿನ ತುಂಬ ತಲೆಗಳು ತಿರುಗಿದವು. ಯಾರೆಲಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಕನ್ನಡಕದ ಹುಡುಗಿ ನನ್ನನ್ನೂ ಕೊನ್ಸುಯೆಲೊಳನ್ನೂ ನೋಡಿ ಏನೋ ಕೇಳಿದಳು. ಮಾಯ್ರಾ ನನ್ನ ತೋಳು ಹಿಡಿದಳು.

"ನೀನು ಕೊನ್ಸುಯೆಲೊ ತಾಪಿಯಾನಾ ಅಂತ ಕೇಳ್ತಾರವ್ವ."

ಹೌದೆಂದರೆ ಬೇರೆಯವರ ನಂಬರಿನಲ್ಲಿ ದುಡಿದ ಕಳ್ಳಿ. ನನ್ನನ್ನು ಬಸ್ಸಿಗೆ ತುಂಬಿ ಗಡಿಯಾಚೆ ಬಿಟ್ಟರೆ ಮಗಳು ಇಲ್ಲಿ ಒಬ್ಬಳೇ.

"ಅಲ್ಲ ಅನ್ನು. ಕಿವಿ ಸರಿಯಿಲ್ಲ ಅನ್ನು."

ಕೊನ್ಸುಯೆಲೊ ಎದ್ದು ಹೋಗಿ ಕೌಂಟರಿನ ಮೇಲೆ ಒಂದು ದಪ್ಪ ಫೈಲು ಇಟ್ಟಳು. ಕೂಲಿ ಚೀಟಿಗಳು. ವರ್ಷ ವರ್ಷಕ್ಕೆ ಬೇರೆ ಬೇರೆ ರಬ್ಬರ್ ಬ್ಯಾಂಡು. ಪತ್ರ ಗಿತ್ರ ಏನೂ ಇರಲಿಲ್ಲ. ಕೌಂಟರಿನವಳು ಒಂದೊಂದೇ ಮಗುಚಿದಳು, ತಲೆ ಆಡಿಸಿದಳು, ಕೊನ್ಸುಯೆಲೊಳ ಮೆತ್ತನೆಯ ಕೈ ಮೇಲೆ ತನ್ನ ಕೈ ಇಟ್ಟು ಏನೋ ಹೇಳಿದಳು.

"ಏನಂತೆ?"

ಮಾಯ್ರಾ ತಿರುಗಿಸಿ ಹೇಳಿದಳು. "ಹನ್ನೊಂದು ವರ್ಷ, ಒಂದು ಸುಗ್ಗೀನೂ ತಪ್ಪಿಲ್ಲ. ಮಗಳಿಗೋಸ್ಕರ ಎಷ್ಟು ಕಷ್ಟ ಪಟ್ಟಿದ್ದೀರಮ್ಮ ಅಂತ."

ನನಗೆ ಜ್ವರ ಬಂದು ಸಾಲಿನಲ್ಲೇ ವಾಂತಿ ಮಾಡಿಕೊಂಡು ಕಿತ್ತ ವಾರವೂ ಆ ಫೈಲಿನಲ್ಲಿತ್ತು. ಎಷ್ಟನೆಯ ರಬ್ಬರ್ ಬ್ಯಾಂಡಿನಲ್ಲಿ ಎಂದು ಬೇಕಾದರೆ ತೋರಿಸಬಲ್ಲೆ.

ಮೊಹರು ಬಿತ್ತು. ಎರಡನೆಯ ಸೀಟು ಯಾರೆಲಿಗೆ. ಹಲ್ಲಿನ ಕೋರ್ಸೆಂದು ದೋನ್ ಚೆಂಚೊಗೆ ಹೇಗೆ ಗೊತ್ತಿತ್ತೆಂದು ಆಗ ಹೊಳೆಯಿತು: ಅವನ ಮನೆಯವರ ಕಣ್ಣೂ ಅದೇ ಸೀಟಿನ ಮೇಲಿತ್ತು.

ನಮ್ಮ ಸರದಿ ಬಂದಾಗ ಐದಕ್ಕೆ ಹತ್ತು ನಿಮಿಷವಿತ್ತು. ಸೀಟು ಹೋಯಿತು, ಫೀಯಾದರೂ ಕಡಿಮೆಯಾದರೆ ಬೇರೆ ಏನಾದರೂ ಓದಬಹುದೇ ಎಂದು ಮಾಯ್ರಾ ಕೇಳಿದಳಂತೆ. ಕಾಗದ ಕೇಳಿದರು. ನಾನು ಚೀಲ ಕೆಳಗಿಟ್ಟು ಎರಡು ಕೈಯನ್ನೂ ಕೌಂಟರಿನ ಮೇಲೆ ಚಾಚಿದೆ. ಆ ಹುಡುಗಿ ನೋಡಿದಳು. ಕೆಟ್ಟವಳಲ್ಲ, ಕಣ್ಣು ತಗ್ಗಿಸಿದಳು.

"ನಾನು ನಂಬ್ತೀನಿ ಅಂತಾರವ್ವ. ಆದ್ರೆ ನಂಬಿದ್ದನ್ನ ಬರ್ಕಳಕ್ಕೆ ಈ ಫಾರಮ್ಮಿನಾಗೆ ಜಾಗ ಇಲ್ವಂತೆ."

ಬಾಗಿಲ ಹತ್ತಿರ ಕೊನ್ಸುಯೆಲೊ ಕಾರಿನ ಕೀಲಿ ಹುಡುಕುತ್ತ ನಿಂತಿದ್ದಳು. ನಾವು ದಾಟುವಾಗ ಮೆಲ್ಲಗೆ ಅಂದಳು. "ತಮಾಲೆ ಚೆನ್ನಾಗಿದ್ವು ಕಣಮ್ಮ. ಖಾರ ಒಸಿ ಜಾಸ್ತಿ."

ಮರುದಿನ ಬೆಳಿಗ್ಗೆ ಹೊಲಕ್ಕೆ ಹೊರಟಾಗ ಮಾಯ್ರಾ ಬಾಗಿಲಲ್ಲಿ ನಿಂತಿದ್ದಳು. ನನ್ನ ಹಳೆಯ ಬೂಟು, ಮುಖಕ್ಕೆ ಬಟ್ಟೆ.

"ನೀನೆಲ್ಲಿಗೆ?"

"ಕೆಲ್ಸಕ್ಕೆ. ಮನೇಲಿ ಕುಂತು ಏನ್ ಮಾಡ್ಲಿ?"

ಸಮುದ್ರದ ಕಡೆಯಿಂದ ಮಂಜು ಬಂದು ಸಾಲುಗಳು ಕಾಣುತ್ತಿರಲಿಲ್ಲ. ನಾವೆಲ್ಲ ಪಿಕಪ್ಪಿನ ಮುಂದೆ ನಿಂತೆವು. ದೋನ್ ಚೆಂಚೊ ಪಟ್ಟಿ ಹಿಡಿದು ಕೂಗತೊಡಗಿದ. ಫಿಲೆಮೊನಜ್ಜಿ ಯಾವನೋ ಸತ್ತವನ ಹೆಂಡತಿಯ ಹೆಸರಿಗೆ ಇದ್ದೀನಿ ಅಂದಳು.

"ಕೊನ್ಸುಯೆಲೊ ತಾಪಿಯಾ!"

ಹಲ್ಲು ಕಚ್ಚಿದೆ, ಉಳಿದಿರುವಷ್ಟನ್ನೂ.

"ಕೊನ್ಸುಯೆಲೊ ತಾಪಿಯಾ! ಏನೇ, ನಿನ್ನೆ ಕಾಲೇಜಿನಾಗೆ ಬಾಯಿ ಬಂದಿತ್ತಂತೆ, ಇವತ್ತು ಬಿದ್ದೋಯ್ತಾ?"

ಯಾರೂ ನಗಲಿಲ್ಲ. ಫಿಲೆಮೊನಜ್ಜಿ ಮೊಣಕೈಯಲ್ಲಿ ತಿವಿದಳು. ನಾನು ಅವನ ಮುಖವನ್ನೇ ನೋಡುತ್ತ ನಿಂತೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಬಾಯಿ ನನ್ನ ಮಾತು ಕೇಳಿತ್ತು.

"ಕಡೇ ಸಲ ಕೂಗ್ತೀನಿ. ಇಲ್ಲಾಂದ್ರೆ ಈ ಹೆಸರ ಬೇರೆಯೋಳಿಗೆ ಕೊಡ್ತೀನಿ. ರಸ್ತೇಲಿ ಹತ್ತು ಜನ ಕಾಯ್ತಾ ಅವ್ರೆ. ಕೊನ್ಸುಯೆಲೊ ತಾಪಿಯಾ!"

"ಇದ್ದೀನಿ."

ಮಾಯ್ರಾ. ನನ್ನ ಪಕ್ಕದಿಂದ ಒಂದು ಹೆಜ್ಜೆ ಮುಂದೆ ಬಂದಿದ್ದಳು. ಮುಖದ ಬಟ್ಟೆಯ ಮೇಲೆ ಕಣ್ಣುಗಳಷ್ಟೇ ಕಾಣುತ್ತಿದ್ದವು.

ದೋನ್ ಚೆಂಚೊ ಅವಳನ್ನು ನೋಡಿದ, ನನ್ನನ್ನು ನೋಡಿದ. ಪೆನ್ನಿನಲ್ಲಿ ಗುರುತು ಹಾಕಿದ. "ಸರಿ. ಹೆಸರಿಗೆ ಒಂದು ಬೆನ್ನು ಬೇಕು ಅಷ್ಟೆ, ಯಾರದಾದ್ರೇನು. ಎಳೇದಾದ್ರೆ ಒಳ್ಳೇದೇ." ಆಮೇಲೆ ನನ್ನ ಕಡೆ ಗದ್ದ ಎತ್ತಿದ. "ನೀನ್ಯಾರೇ?"

"ಒದಿಲಿಯಾ," ಎಂದೆ.

"ಇಲ್ಲ ನನ್ನ ಪಟ್ಟೀಲಿ." ಪಟ್ಟಿ ಮಡಿಚಿ ಜೇಬಿಗಿಟ್ಟ.

ಮಾಯ್ರಾ ಪೆಟ್ಟಿಗೆ ಇಡುವ ಗಾಡಿ ತಳ್ಳಿಕೊಂಡು ಹದಿನಾಲ್ಕನೆಯ ಸಾಲಿಗೆ ಹೋದಳು. ಬಗ್ಗಿದಳು. ಅವಳಿಗೆ ಅಭ್ಯಾಸವಿಲ್ಲ, ಹಣ್ಣನ್ನೇ ಹಿಡಿದು ಎಳೆಯುತ್ತಿದ್ದಳು. ನಾನು ರಸ್ತೆಯ ಕಡೆ ನಾಲ್ಕು ಹೆಜ್ಜೆ ನಡೆದೆ. ನಿಂತೆ. ತಿರುಗಿ ಬಂದು ಅದೇ ಸಾಲಿನಲ್ಲಿ ಅವಳ ಎದುರಿಗೆ ಮಂಡಿಯೂರಿದೆ.

"ತೊಟ್ಟು ಬಿಡಬ್ಯಾಡ," ಎಂದೆ. "ಉಗುರಿನಾಗೆ ಚಿವುಟು."

ಅವಳು ತಲೆ ಎತ್ತಲಿಲ್ಲ. ಚಿವುಟಿದಳು.

ಆ ದಿನ ಕೊನ್ಸುಯೆಲೊ ತಾಪಿಯಾ ನಾಲ್ಕು ಕೈಯಲ್ಲಿ ಹಣ್ಣು ಕಿತ್ತಳು.