ಯಾರು ನೋಡಿದ್ದು?

“ಮೂಗಿಗೆ ಬಟ್ಟೆ ಬೇಕಂತೆ ಮಹಾರಾಣಿಗೆ! ಸೆರಗಿಲ್ವೇನೆ ಮುಂಡೆ? ಅದನ್ನೇ ತುರುಕ್ಕೋ!”

ಮೇಸ್ತ್ರಿಯ ಬೈಗುಳಕ್ಕೆ ಅವಳು ತಲೆಯೆತ್ತಲಿಲ್ಲ. ಕಲ್ಲು ಅರೆಯುವ ಯಂತ್ರದ ಬಾಯಿಗೆ ಚೀಲ ಹಿಡಿದಳು. ಬಿಳಿ ಪುಡಿ ಧೊಪ್ಪನೆ ಸುರಿಯಿತು. ರೆಪ್ಪೆ, ಹುಬ್ಬು, ಹಲ್ಲಿನ ಸಂದಿಯಲ್ಲೆಲ್ಲ ಅದೇ. ಜೊತೆಯವರು ಅವಳನ್ನು ಅನುಮಾನದಕ್ಕ ಎನ್ನುತ್ತಿದ್ದರು. ಕೊಟ್ಟ ನೀರನ್ನೂ ಮೂಸಿ ಕುಡಿಯುವ ಹೆಂಗಸು. ಮೊದಲು ಹಾಗಿರಲಿಲ್ಲ. ಇದೇ ಕಾರ್ಖಾನೆಯಲ್ಲಿ ದುಡಿದು ಕೆಮ್ಮಿ ಕೆಮ್ಮಿ ಗಂಡ ಸತ್ತಾಗ, ಹೆಣ ಸಾಗಿಸಲು ಗಾಡಿ ಬೇಕಾದರೆ ಹೆಬ್ಬೆಟ್ಟು ಒತ್ತು ಎಂದು ಕಾರ್ಖಾನೆಯವರು ಕಾಗದ ಹಿಡಿದಿದ್ದರು. ಒತ್ತಿದಳು. ಗಂಡ ಕುಡಿದು ಕುಡಿದು ಸತ್ತ ಎಂದು ಅದರಲ್ಲಿ ಬರೆದಿತ್ತೆಂದು ಗೊತ್ತಾದದ್ದು ಮೂರು ತಿಂಗಳ ಮೇಲೆ. ಒಂದು ತೊಟ್ಟೂ ಮುಟ್ಟದ ಮನುಷ್ಯ! ಅಂದಿನಿಂದ ಅಕ್ಷರ ಕಂಡರೆ ಅವಳ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಆರು ವರ್ಷದ ಮಗಳು ಹೊಳೆಯುವ ರಟ್ಟಿನ ಪುಸ್ತಕವನ್ನು ಎದೆಗವಚಿಕೊಂಡು ಬಂದಳು. ಕಾರ್ಖಾನೆ ಮಾಲೀಕನ ಹೆಂಡತಿ ಶಾಲೆಗೆ ಬಂದು, ಮಕ್ಕಳಿಗೆಲ್ಲ ಪುಸ್ತಕ ಹಂಚಿ, ಫೋಟೊ ಹೊಡೆಸಿಕೊಂಡು ಹೋಗಿದ್ದಳಂತೆ.

“ಸುಮ್ನೆ ಯಾಕ್ ಕೊಟ್ಳು? ಏನಿದೆ ಅದ್ರಲ್ಲಿ, ಕಥೇನಾ?”

“ಕಥೆ ಅಲ್ಲಮ್ಮ. ನಮ್ ಮೈಯೊಳಗೆ ಏನೇನಿದೆ ಅಂತ. ಎಲ್ಲಾ ನಿಜ ಅಂತ ಟೀಚರ್ ಹೇಳಿದ್ರು.”

“ನಿಜ ಅಂತ ಯಾರು ನೋಡಿದ್ದು?”

ಆ ಮನೆಯ ಪಾಠ ಶುರುವಾದದ್ದು ಹೀಗೆ. ಮಗಳು ಬೆರಳಿಟ್ಟು ಅಕ್ಷರ ಕೂಡಿಸಿ ಓದುವುದು. ತಾಯಿ ಪೊಲೀಸಿನವರ ಹಾಗೆ ಅಡ್ಡಪ್ರಶ್ನೆ ಹಾಕುವುದು. ಹಾಲುಹಲ್ಲು ಇಪ್ಪತ್ತು ಎಂದಿತು ಪುಸ್ತಕ. ತಾಯಿ ಮಗಳ ಬಾಯಿ ತೆರೆಸಿ, ಬೆರಳು ಹಾಕಿ ಎಣಿಸಿದಳು. ಬಿದ್ದುಹೋದ ಎರಡನ್ನು ಸೇರಿಸಿದರೆ ಸರಿಯಾಗಿ ಇಪ್ಪತ್ತು. “ಹ್ಞೂಂ, ಇದೊಂದು ಸುಳ್ಳಲ್ಲ. ಮುಂದಕ್ಕೋದು.” ಬರಬರುತ್ತ ಮಗಳಿಗೂ ಅದೇ ಚಟ ಹತ್ತಿತು. ಸಾಲು ಮುಗಿದದ್ದೇ ತಡ, ತಾನೇ ಕೇಳುತ್ತಿದ್ದಳು: “ಯಾರು ನೋಡಿದ್ದು?”

ಹನ್ನೊಂದನೇ ಪುಟದಲ್ಲಿ ಗಾಡಿ ನಿಂತಿತು. ‘ದೊಡ್ಡವರು ಸುಮ್ಮನೆ ಕುಳಿತಾಗ ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತಾರೆ.’ ಮನೆಯಲ್ಲಿ ಗಡಿಯಾರವಿರಲಿಲ್ಲ. ಬೀದಿ ಕೊನೆಯ ಅಂಗಡಿಗೆ ಹೋಗಿ ಬೆಂಚಿನ ಮೇಲೆ ಕುಳಿತರು. ಗೋಡೆಯ ಗಡಿಯಾರದ ಕೆಂಪು ಮುಳ್ಳು ಒಂದು ಸುತ್ತು ಬರುವವರೆಗೆ ಮಗಳು ತಾಯಿಯ ಬೆನ್ನ ಮೇಲೆ ಕೈಯಿಟ್ಟು ಎಣಿಸಿದಳು. ಮೂವತ್ತೊಂದು.

“ನೋಡ್ದ್ಯಾ? ಆ ಗಯ್ಯಾಳಿ ಕೊಟ್ಟಿದ್ದು ಸುಳ್ ಪುಸ್ತಕ!” ತಾಯಿಗೆ ಏನೋ ಗೆದ್ದಷ್ಟು ಖುಷಿ.

ಮಗಳು ಬಿಡಲಿಲ್ಲ. ಅಂಗಡಿಯವನ ಡೊಳ್ಳುಹೊಟ್ಟೆಯನ್ನೇ ದಿಟ್ಟಿಸಿದಳು. “ಏನೇ, ನನ್ ಹೊಟ್ಟೆ ಮೇಲೆ ಸಿನಿಮಾ ಓಡ್ತಿದ್ಯಾ?” ಎಂದು ಅವನು ರೇಗಿದ. ಹದಿನಾರು. ಮೆಟ್ಟಿಲ ಮೇಲೆ ಕುಳಿತಿದ್ದ ದರ್ಜಿಯದು ಹದಿನೇಳು. ಅಷ್ಟರಲ್ಲಿ ಉಪ್ಪಿಗೆಂದು ಬಂದ ಗೆಳತಿಯನ್ನು, ಯಂತ್ರದ ಬಳಿ ಜೊತೆಗೆ ಚೀಲ ಹಿಡಿಯುವವಳನ್ನು, ಬೆಂಚಿನ ಮೇಲೆ ಕೂರಿಸಿಕೊಂಡರು. ಮೂವತ್ತನಾಲ್ಕು.

ಅನುಮಾನದಕ್ಕನ ನಗು ಅಲ್ಲೇ ಆರಿತು. ಅಕ್ಷರ ಸುಳ್ಳಾಗಿದ್ದರೆ ಚೆನ್ನಾಗಿತ್ತು ಎಂದು ಮೊದಲ ಸಲ ಅನ್ನಿಸಿತು. ಗಂಡನನ್ನು ನುಂಗಿದ ಪುಡಿ ತನ್ನೊಳಗೂ ಕೂತಿದೆ; ತಾನೂ ಹೋದರೆ ಈ ಕೂಸಿಗೆ ಯಾರು ಗತಿ? ಅವಳಿಗೆ ಹೆದರಿಕೆಯಾಯಿತು.

ಮುಂದಿನ ವಾರ ಕೆಲಸದವರನ್ನು ಪರೀಕ್ಷೆ ಮಾಡಲು ಡಾಕ್ಟರ್ ಬರುತ್ತಾನೆಂದು ಸುದ್ದಿಯಾಯಿತು. ಅವಳು ಮಗಳನ್ನು ಶಾಲೆ ಬಿಡಿಸಿ ಜೊತೆಗೆ ಕರೆತಂದಳು. ಶೆಡ್ಡಿನ ಬಾಗಿಲಲ್ಲಿ ಮೇಜು, ಅದರ ಮೇಲೆ ಕಾಗದದ ಕಟ್ಟು, ಶಾಯಿಯ ಡಬ್ಬಿ. ಕೊರಳಲ್ಲಿದ್ದ ಕೊಳವೆಯನ್ನು ಡಾಕ್ಟರ್ ಒಬ್ಬರ ಎದೆಗೂ ಇಡಲಿಲ್ಲ. ಹೆಂಗಸರು ಸಾಲಾಗಿ ಬಂದು ಹೆಬ್ಬೆಟ್ಟು ಒತ್ತುತ್ತಿದ್ದರು.

“ಹ್ಞೂಂ, ಒತ್ತು, ಜಾಗ ಬಿಡು,” ಎಂದ ಮೇಸ್ತ್ರಿ.

“ಮೊದ್ಲು ನನ್ ಮಗಳು ಓದ್ಲಿ.”

“ಥೂ! ಸಿಂಬಳ ಸುರ್ಸೋ ಪಿಳ್ಳೆ ಓದಿ ಹೇಳ್ಬೇಕಾ ನಿಂಗೆ? ಕೆಲಸದವ್ರಿಗೆ ಸೋಪು ಕೊಡೋ ಕಾಗದ ಕಣೆ ಇದು, ಬೇವರ್ಸಿ!”

ಮಗಳು ಆಗಲೇ ಮೇಜಿಗೆ ಗಲ್ಲವೂರಿ ಬೆರಳಿಟ್ಟಿದ್ದಳು. “ನನ್ನ... ಉಸಿರಾಟದಲ್ಲಿ... ಯಾವ ತೊಂದರೆಯೂ... ಇಲ್ಲ.” ಸಾಲು ಮುಗಿಯಿತು. ತಲೆಯೆತ್ತಿ, ದಿನಾ ಕೇಳುವ ಹಾಗೆಯೇ ಡಾಕ್ಟರನ್ನು ಕೇಳಿದಳು: “ಯಾರು ನೋಡಿದ್ದು?”

ಡಾಕ್ಟರ್ ಪೆನ್ನಿನ ಮುಚ್ಚಳ ಹುಡುಕತೊಡಗಿದ.

ಅನುಮಾನದಕ್ಕ ಮೇಜಿನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. “ಎಣಿಸು ಮಗಾ. ಇವ್ರ ಗೋಡೆ ಗಡಿಯಾರ ನೋಡ್ಕೊಂಡೇ ಎಣಿಸು.”

“ಏಳ್ತೀಯೋ, ಒದೀಲೋ?” ಮೇಸ್ತ್ರಿ ಕಾಲೆತ್ತಿದ. ಗೆಳತಿ ಬಂದು ಅವಳಿಗೆ ಒತ್ತಿಕೊಂಡು ಕುಳಿತಳು. ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಎತ್ತಿದ ಕಾಲನ್ನು ಎಲ್ಲಿಡುವುದೆಂದು ಮೇಸ್ತ್ರಿಗೆ ತಿಳಿಯಲಿಲ್ಲ. ಒಳಗೆ ಚೀಲ ಹಿಡಿಯುವವರಿಲ್ಲದೆ ಯಂತ್ರ ಪುಡಿಯನ್ನು ನೆಲಕ್ಕೇ ಸುರಿಯುತ್ತಿತ್ತು.

ಮಗಳು ತಾಯಿಯ ಬೆನ್ನಿಗೆ ಅಂಗೈ ಒತ್ತಿ ಗಟ್ಟಿಯಾಗಿ ಎಣಿಸುತ್ತಿದ್ದಳು. ಹದಿನೆಂಟು. ಹತ್ತೊಂಬತ್ತು. ಇಪ್ಪತ್ತಕ್ಕೆ ಹೆಂಗಸರೆಲ್ಲ ದನಿಗೂಡಿಸಿದರು. ಇಪ್ಪತ್ತೊಂದು. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಇನ್ನೂ ಮುಕ್ಕಾಲು ಸುತ್ತೂ ಮುಗಿಸಿರಲಿಲ್ಲ.