ಬೇಕೆಂದೇ ಮಾಡಿದ ತಪ್ಪು

ಟಪ್ ಎಂದು ಒಂದು ಕಡ್ಡಿ ನೆಲಕ್ಕೆ ಬಿತ್ತು. ಮನೆಯೆಲ್ಲ ಮಲಗಿದ್ದ ಹೊತ್ತು. ಆ ಸಣ್ಣ ಸದ್ದಿಗೇ ಟೀಚರ್ ಬೆಚ್ಚಿ ಒಳಕೋಣೆಯ ಬಾಗಿಲ ಕಡೆ ನೋಡಿದಳು. ಗಂಡನ ಗೊರಕೆ ನಿಂತಿರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಐಸ್‌ಕ್ರೀಮ್ ಕಡ್ಡಿಗಳ ರಾಶಿ ಇತ್ತು. ಹತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಒಂದು ಕಟ್ಟು, ಉಳಿದವು ಬಿಡಿ. ಇಪ್ಪತ್ತಾರು ವರ್ಷದಿಂದ ಎರಡನೇ ತರಗತಿಯ ಮಕ್ಕಳಿಗೆ ಅವಳು ಹೇಳಿಕೊಡುತ್ತ ಬಂದದ್ದು ಇಷ್ಟನ್ನೇ. ಈಗ ಅದನ್ನೇ ಕದ್ದುಮುಚ್ಚಿ ತಾನು ಕಲಿಯುತ್ತಿದ್ದಳು.

ಶುರುವಾದದ್ದು ಸೋಮವಾರ. ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಮೂರು ಮನೆ ಬರೆದಿದ್ದಳು: ನೂರು, ಹತ್ತು, ಬಿಡಿ. ಅವಳು ಸಂಖ್ಯೆ ಕೂಗಿದ ಕೂಡಲೇ, ಅಂಕಿ ಬರೆದ ರಟ್ಟನ್ನು ಕೊರಳಿಗೆ ನೇತುಹಾಕಿಕೊಂಡ ಮಕ್ಕಳು ಓಡಿಹೋಗಿ ತಂತಮ್ಮ ಮನೆಯಲ್ಲಿ ನಿಲ್ಲಬೇಕು. ಮುನ್ನೂರ ಏಳು ಎಂದಳು. ಮೂರು, ಸೊನ್ನೆ, ಏಳು ಸರಿಯಾಗಿಯೇ ನಿಂತರು. ಅವಳು ಬೋರ್ಡಿನತ್ತ ತಿರುಗಿ ದೊಡ್ಡದಾಗಿ 3007 ಎಂದು ಬರೆದಳು.

ಮುನ್ನೂರು ಬರೆದು ಅದರ ಪಕ್ಕ ಏಳನ್ನು ಅಂಟಿಸುವುದು ಮಕ್ಕಳು ಮಾಡುವ ತಪ್ಪು. ಸಾವಿರ ಸಲ ಅದನ್ನು ತಿದ್ದಿದ್ದ ಕೈಯೇ ಹಾಗೆ ಬರೆದಿತ್ತು. ಬರೆದ ಮೇಲೂ ಅವಳ ಕಣ್ಣಿಗೆ ಅದು ಸರಿಯಾಗಿಯೇ ಕಂಡಿತು.

ಸೊನ್ನೆಯ ರಟ್ಟು ಹಾಕಿಕೊಂಡಿದ್ದವಳು, ಎಲ್ಲರೂ ಗುಬ್ಬಿ ಎನ್ನುತ್ತಿದ್ದ ಪುಟ್ಟ ಹುಡುಗಿ, ಸೊಂಟದ ಮೇಲೆ ಕೈಯಿಟ್ಟಳು.

"ಮಿಸ್, ನಾನು ಒಬ್ಳೇ ಸೊನ್ನೆ. ನೀವು ಇಬ್ರನ್ನ ಬರ್ದಿದ್ದೀರ."

ತರಗತಿ ಗೊಳ್ಳೆಂದು ನಕ್ಕಿತು. ಟೀಚರ್ ಸಾವರಿಸಿಕೊಂಡು, ಬೇಕೆಂದೇ ತಪ್ಪು ಬರೆದೆ, ಯಾರು ಹಿಡಿಯುತ್ತೀರೋ ನೋಡೋಣ ಅಂತ, ಎಂದಳು. ಗುಬ್ಬಿಗೆ ಚಪ್ಪಾಳೆ ಬಿತ್ತು. ಅಂದಿನಿಂದ ಮಿಸ್ಸಿನ ತಪ್ಪು ಹಿಡಿಯುವುದೇ ಮಕ್ಕಳ ಆಟವಾಯಿತು. ಬಾಗಿಲಲ್ಲಿ ನಿಂತು ನೋಡಿದ ಹೆಡ್‌ಮಾಸ್ಟರ್, ಭಲೇ ಉಪಾಯ, ಉಳಿದ ಟೀಚರುಗಳೂ ಇದನ್ನು ಮಾಡಲಿ ಎಂದರು. ಶುಕ್ರವಾರದ ಹೊತ್ತಿಗೆ ಮಕ್ಕಳು ಏಳು ತಪ್ಪು ಹಿಡಿದಿದ್ದರು. ಅವಳು ಬೇಕೆಂದೇ ಮಾಡಿದ್ದು ಎರಡು.

ಅವಳ ತಾಯಿಗೂ ಹೀಗೆಯೇ ಶುರುವಾಗಿತ್ತು. ಬಟ್ಟೆ ಹೊಲಿದು ಸಂಸಾರ ತೂಗಿಸಿದ್ದ ಆಕೆ ಮೊದಲು ಮರೆತದ್ದು ಅಳತೆ ಟೇಪಿನ ಅಂಕಿಗಳನ್ನು. ಮಗಳ ಹೆಸರು ಆಮೇಲೆ. ನಡುವೆ ಇದ್ದದ್ದು ಮೂರೇ ವರ್ಷ.

ಬಿದ್ದ ಕಡ್ಡಿಯನ್ನು ಎತ್ತಿಕೊಂಡು ಮತ್ತೆ ಎಣಿಸಿದಳು. ಹತ್ತರ ಮೂರು ಕಟ್ಟು, ಏಳು ಬಿಡಿ. ಕಾಗದದ ಮೇಲೆ 307 ಎಂದು ಬರೆದಳು. ಎಷ್ಟು ಹೊತ್ತು ದಿಟ್ಟಿಸಿದರೂ ತಪ್ಪು ಎಲ್ಲಿದೆ ಎಂದು ಹೊಳೆಯಲಿಲ್ಲ. ತಪ್ಪಿದೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಹೇಳಲು ಗುಬ್ಬಿ ಇರಲಿಲ್ಲ.

ಗೊರಕೆ ನಿಂತಿತು. ಗಂಡ ಕಣ್ಣುಜ್ಜಿಕೊಳ್ಳುತ್ತ ನೀರಿಗೆ ಬಂದ.

"ಇಷ್ಟೊತ್ತಲ್ಲಿ ಏನೇ ಅದು?"

"ಏನಿಲ್ಲ, ಬಿಡಿ."

"ಬಿಡಿನಾ, ಹತ್ತಾ?"

ಮದುವೆಯಾದ ಹೊಸದರಿಂದಲೂ ಅವನದು ಇದೇ ಜೋಕು. ಅವಳು ಎಂದಿನಂತೆ ನಕ್ಕು, ಕಾಗದವನ್ನು ಅಂಗೈಯಲ್ಲಿ ಮುದುರಿಕೊಂಡಳು. ಅವನು ನೀರು ಕುಡಿದು ಲೋಟ ಇಡುವವರೆಗೆ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಸೋಮವಾರದಿಂದ ತರಗತಿ ಇಲ್ಲ. ಅಮ್ಮನನ್ನು ತಾನು ನೋಡುತ್ತಿದ್ದ ಹಾಗೆ ಇವರು ತನ್ನನ್ನು ನೋಡತೊಡಗುತ್ತಾರೆ. ತಪ್ಪು ಹಿಡಿಯಲು ಅಷ್ಟು ಮಕ್ಕಳಿದ್ದಾರೆ, ಅವರು ಚಪ್ಪಾಳೆ ತಟ್ಟುವಷ್ಟು ದಿನ ನಡೆಯಲಿ.

ಅವನು ಒಳಗೆ ಹೋದ ಮೇಲೆ ಕಡ್ಡಿಗಳನ್ನು ಎಣಿಸದೆ ಡಬ್ಬಕ್ಕೆ ತುಂಬಿದಳು. ಯಾರಿಗೂ ಹೇಳುವುದು ಬೇಡ ಎಂದುಕೊಂಡು ದೀಪ ಆರಿಸಿದಳು.