ಮಣಿಕಟ್ಟಿನ ಕೆಳಗಿನ ದಿಂಬು

ನಾನು ಒಂದು ಪುಟ್ಟ ದಿಂಬು. ತಲೆಯಿಡುವ ದಿಂಬಲ್ಲ, ನಾಡಿ ನೋಡುವಾಗ ಮಣಿಕಟ್ಟು ಇಡುವ ದಿಂಬು. ಕೋಲ್ಕತ್ತದ ಚೀನೀ ಕೇರಿಯಲ್ಲಿ ಮುದುಕ ವೈದ್ಯ ಲಿಯಾಂಗ್ ಅವರ ಹೆಂಡತಿ ನೀಲಿ ಬಟ್ಟೆಯೊಳಗೆ ಭತ್ತದ ಹೊಟ್ಟು ತುಂಬಿ ನನ್ನನ್ನು ಹೊಲಿದರು. ಅಂದಿನಿಂದ ಕೈಗಳೇ ನನ್ನ ಲೋಕ: ಚರ್ಮ ಹದ ಮಾಡುವವರ ಒರಟು ಕೈ, ಬಾಣಂತಿಯರ ಬೆಚ್ಚನೆಯ ಕೈ.

ಆ ವೈದ್ಯರ ಬಳಿ ಕಲಿಯಲು ಬಂದವಳು ಹುಬ್ಬಳ್ಳಿಯ ಕಸ್ತೂರಿ. ರೈಲ್ವೆಯಲ್ಲಿದ್ದ ಗಂಡ ಶಿವಪುತ್ರನಿಗೆ ಅಲ್ಲಿಗೆ ವರ್ಗವಾಗಿತ್ತು. ಮುದುಕರು ಮೊದಲು ಹೇಳಿದ್ದು ಗುಡ್ಡದ ಮಾತು. ಒಂದೇ ಗುಡ್ಡಕ್ಕೆ ಬಿಸಿಲಿನ ಮಗ್ಗುಲು ಯಾಂಗ್, ನೆರಳಿನ ಮಗ್ಗುಲು ಯಿನ್. ಒಂದು ಮೇಲು, ಒಂದು ಕೀಳು ಎಂದಿಲ್ಲ; ಹೊತ್ತು ಸರಿದಂತೆ ಬಿಸಿಲಿದ್ದಲ್ಲಿ ನೆರಳು ಬರುತ್ತದೆ. ಮೈಯೂ ಹಾಗೆಯೇ. ಅದರೊಳಗೆ ‘ಚೀ’ ಎಂಬ ಪ್ರಾಣಶಕ್ತಿ ಹರಿಯುತ್ತಿರಬೇಕು. ಕಸ್ತೂರಿಗೆ ನಗು ತಡೆಯಲಾಗಲಿಲ್ಲ, ನಮ್ಮಲ್ಲಿ ‘ಚೀ’ ಎಂದರೆ ಬೈಗುಳವಲ್ಲವೇ! ಮುದುಕರೂ ನಕ್ಕರು. ಆಮೇಲೆ, ಆ ಶಕ್ತಿ ಕಟ್ಟಿಕೊಂಡಲ್ಲೇ ನೋವು, ರೋಗವನ್ನು ಅಟ್ಟಲು ಹೋಗಬೇಡ, ತಕ್ಕಡಿ ಎತ್ತ ವಾಲಿದೆ ನೋಡು ಎಂದರು. ಗಂಡನಿಗೆ ಮತ್ತೆ ಹುಬ್ಬಳ್ಳಿಗೆ ವರ್ಗವಾಗಿ ಅವಳು ಊರಿಗೆ ಹೊರಟಾಗ ನನ್ನನ್ನು ಅವಳ ಕೈಗಿತ್ತರು.

ಹುಬ್ಬಳ್ಳಿಯಲ್ಲಿ ಅತ್ತೆ ಬಾಳವ್ವ ನನ್ನನ್ನು ಕಂಡು ಸಿಡಿದಳು. “ನಮ್ಮೂರಾಗ ವೈದ್ಯರಿಗೆ ಬರಗಾಲ ಬಿದ್ದೈತೇನ? ಚೀನಾದ್ದು ಬೇಕಾತು ನಿನಗ!”

ಕಸ್ತೂರಿ ಎದುರಾಡಲಿಲ್ಲ, ಬಿಡಲೂ ಇಲ್ಲ. ಅಂಗಳದ ಕಟ್ಟೆಯ ಮೇಲೆ ಓಣಿಯವರ ನಾಡಿ ನೋಡಿದಳು. ತನ್ನ ಕೈಮೀರಿದ್ದನ್ನು ಆಸ್ಪತ್ರೆಗೆ ಕಳಿಸಿದಳು.

ಒಂದು ಮಧ್ಯಾಹ್ನ ಶಿವಪುತ್ರ ರೈಲ್ವೆ ವರ್ಕ್‌ಶಾಪಿನಲ್ಲೇ ಕುಸಿದುಬಿದ್ದು ತೀರಿಕೊಂಡ. ಬಾಳವ್ವ ಅಳಲಿಲ್ಲ. ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಕುಳಿತಳು. ಕಸ್ತೂರಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಮೈಯಲ್ಲಿ ರೋಗವಿಲ್ಲ ಎಂದರು. ಆಗ ನನ್ನನ್ನು ತಂದು ಅತ್ತೆಯ ಮುಂದಿಟ್ಟಳು.

“ಕೈ ಕೊಡ್ರಿ ಅತ್ತಿ.”

“ಕೊಡಂಗಿಲ್ಲ.”

“ಕೊಡೂತನಕ ನಾ ಏಳಂಗಿಲ್ಲ.”

ಅಂಗಳದ ಬಿಸಿಲು ಗೋಡೆ ಹತ್ತಿತು. ಕೊನೆಗೆ ಒಂದು ಕೈ ನನ್ನ ಮೇಲೆ ಬಂತು. ಒಣಗಿದ ಜೋಳದ ದಂಟಿನಷ್ಟು ಹಗುರ.

“ದುಃಖದ ಮನಿ ಶ್ವಾಸಕೋಶ ಅಂತಿದ್ರು ನಮ್ಮ ಗುರುಗಳು. ಅಲ್ಲೇ ಕಟ್ಟೈತ್ರಿ. ಉಸಿರು ಪೂರ್ತಿ ಬಿಡವಲ್ಲಿರಿ ನೀವು. ನಾಳಿಂದ ನಸುಕಿನ್ಯಾಗ ನನ್ನ ಜೋಡಿ ನಡೀಬೇಕು, ಶುಂಠಿ ಗಂಜಿ ಕುಡೀಬೇಕು.”

“ಇಲ್ಲಾಂದ್ರ?”

“ನಾಳೆನೂ ಹಿಂಗ ಕುಂದರ್ತೀನಿ.”

ಬಾಳವ್ವ ಗೊಣಗುತ್ತಲೇ ನಡೆದಳು. ಗಂಜಿಯನ್ನು ಒಮ್ಮೆ ಚೆಲ್ಲಿದಳು. ಕಸ್ತೂರಿ ಮತ್ತೆ ಕಾಸಿದಳು. ಒಂದು ಬೆಳಗ್ಗೆ ನಡೆದು ಬಂದು ಕಟ್ಟೆಯ ಮೇಲೆ ಕುಳಿತಿದ್ದಾಗ ವರ್ಕ್‌ಶಾಪಿನ ಸೈರನ್ ಕೂಗಿತು. ಮುದುಕಿಯ ಎದೆಯಿಂದ ಎಂಥದೋ ಸದ್ದು ಕಿತ್ತುಬಂತು. ಮಗನ ಹೆಸರು ಹಿಡಿದು ಬಿಕ್ಕಿಬಿಕ್ಕಿ ಅತ್ತಳು. ಕಸ್ತೂರಿ ತಡೆಯಲಿಲ್ಲ.

ಅಳು ನಿಂತ ಮೇಲೆ ಬಾಳವ್ವ ನನ್ನನ್ನು ತನ್ನತ್ತ ಎಳೆದುಕೊಂಡಳು. “ಎಲ್ಲಾರ್ದೂ ನೋಡ್ತಿ. ನಿಂದ್ಯಾರ ನೋಡ್ತಾರ? ಇಡು ಕೈ.”

ಬೆರಳಿಟ್ಟದ್ದು ತಪ್ಪು ಜಾಗದಲ್ಲಿ, ಕಸ್ತೂರಿಯೇ ಸರಿಪಡಿಸಿದಳು. ಮುದುಕಿ ಕಣ್ಣು ಮುಚ್ಚಿ ಬೆರಳನ್ನು ಒತ್ತಿ ಹಿಡಿದಳು.

“ನನಕಿಂತ ನಿಂದ ಜಾಸ್ತಿ ಕಟ್ಟೈತಲ್ಲವಾ ಮಗಳ.”

ಗಂಡ ಸತ್ತಂದಿನಿಂದ ಒಂದು ಹನಿಯನ್ನೂ ಹಾಕದವಳ ಕಣ್ಣೀರು ಅಂದು ನನ್ನ ಹೊಟ್ಟಿನವರೆಗೂ ಇಳಿಯಿತು.

ಈಗ ನನ್ನ ಹೊಲಿಗೆ ಬಿಚ್ಚಿದೆ, ಹೊಟ್ಟು ಪುಡಿಯಾಗಿದೆ. ಕಟ್ಟೆಗೆ ಹೊಸ ದಿಂಬು ಬಂದಿದೆ. ನಾನು ಕಿಟಕಿಯ ಮೂಲೆಯಲ್ಲಿದ್ದೇನೆ. ನೋಡುವ ಕೈ, ತೋರಿಸುವ ಕೈ ಎಂದು ಜನ ಬೇರೆ ಮಾಡುತ್ತಾರೆ. ಎರಡನ್ನೂ ಹೊತ್ತ ನನಗೆ ಭಾರದಲ್ಲಿ ಭೇದ ಕಾಣಲಿಲ್ಲ. ಮನೆಯಲ್ಲಿ ಮೊದಲು ಏಳುವವಳು ಈಗ ಬಾಳವ್ವನೇ. “ಏಳವಾ ಕಸ್ತೂರಿ, ಹೊತ್ತೇರ್ತೈತಿ,” ಎಂದು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿರುತ್ತಾಳೆ.